ಬೆನ್ನ ಮೇಲೆ ಹೊತ್ತೊಯ್ಯುವ ದೋಣಿಯ ಕುರಿತು ಅಪ್ಪಯ್ಯನಿಗೆ

ಗ್ಲಾಸ್ಗೋ, ಸ್ಕಾಟ್ಲೆಂಡ್

ತೀರ್ಥರೂಪ ಅಪ್ಪಯ್ಯನವರಿಗೂ ಅಮ್ಮನಿಗೂ ಮಗಳ ನಮಸ್ಕಾರಗಳು. ಉಭಯ ಕುಶಲೋಪರಿ.

ತಮ್ಮನು ಗಾಳಿ ತುಂಬಿ ಹುಟ್ಟಿನಿಂದ ನಡೆಸುವ ಕಯಾಕ್ ಎಂಬ ಕಿರುದೋಣಿಯೊಂದನ್ನು ತರಿಸಿ ಶರಾವತಿ ಹಿನ್ನೀರಿಗೆ ಇಳಿಸಬೇಕೆಂದು ಹಟ ಹಿಡಿದಿದ್ದಾನೆಂದೂ, ಅದು ಮಕ್ಕಳ ಆಟದ ಸಾಮಾನೋ ನಂಬಬಹುದಾದ ದೋಣಿಯೋ ಎಂದು ನನ್ನಿಂದಲೇ ತಿಳಿಯಬೇಕೆಂದೂ ಬರೆದಿದ್ದೀರಿ. ಸರಿಯಾದದ್ದನ್ನು ಆರಿಸಿ ಕೊಂಡರೆ ಅದು ದೋಣಿಯೇ ಅಪ್ಪಯ್ಯ. ಅಂಥದೊಂದು ಇಲ್ಲದೆ ಹೋಗಿದ್ದರೆ ಇಷ್ಟು ಸರೋವರಗಳಿರುವ ನಾಡಿನಲ್ಲಿದ್ದೂ ನಾನು ನೀರನ್ನು ದಡದಿಂದ ನೋಡುವುದರಲ್ಲೇ ತೃಪ್ತಿಪಡಬೇಕಾಗುತ್ತಿತ್ತು.

ನಾವಿರುವುದು ಲಿಫ್ಟ್ ಇಲ್ಲದ ಹಳೆಯ ಕಲ್ಲುಕಟ್ಟಡದ ಮೂರನೆಯ ಮಹಡಿಯಲ್ಲಿ, ಕಾರಿಲ್ಲ, ಗ್ಯಾರೇಜಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಅಥವಾ ಫೈಬರಿನ ಸಮುದ್ರ ಕಯಾಕ್ ಸುಮಾರು 5 ಮೀಟರ್ ಉದ್ದ, 25 ಕಿಲೋ ತೂಕವಿರುತ್ತದೆ. ಹೊಸದಕ್ಕೆ 1,000 ಪೌಂಡಿಗೂ ಮೇಲೆ ಬೀಳುತ್ತದೆ, ಇಡಲು ಜಾಗವೂ ಒಯ್ಯಲು ಕಾರೂ ಬೇರೆ ಬೇಕು. ಆದ್ದರಿಂದಲೇ ದೋಣಿವಿಹಾರವೆಂಬುದು ನೀರಿನಂಚಿನಲ್ಲಿ ಮನೆಯಿದ್ದವರ, ಇಲ್ಲವೇ ಕ್ಲಬ್ಬಿನ ಸದಸ್ಯರ ಸೊತ್ತಾಗಿ ಬಹುಕಾಲ ಉಳಿಯಿತು. ನನ್ನದು ಇಬ್ಬರು ಕೂರುವ ಗಾಳಿ ಕಯಾಕ್. ಪಂಪು, ಹುಟ್ಟುಗಳೊಂದಿಗೆ ಮಡಿಸಿ ಬೆನ್ನುಚೀಲಕ್ಕೆ ಹಾಕಿದರೆ 15 ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಹೊತ್ತು ಕ್ವೀನ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಬ್ಯಾಲಕ್ ತಲುಪಬಹುದು; ಅಲ್ಲಿಂದ ಲಾಕ್ ಲೋಮಂಡ್ ಸರೋವರದ ದಡಕ್ಕೆ ನಡೆದೇ ಹೋಗಬಹುದು. ಬಸ್ಸಿನಲ್ಲಿ ಅದೇ ಸರೋವರದ ದಡದ ಬಾಲ್ಮಾಹಾ ಊರಿಗೆ ಹೋದರೆ, ಓಕ್ ಮರಗಳ ಕಾಡೂ ಪಾಳುಬಿದ್ದ ಚರ್ಚೂ ಇರುವ ಇಂಚ್‌ಕೇಲಕ್ ದ್ವೀಪ ದಡಕ್ಕೆ ಹತ್ತಿರದಲ್ಲೇ ಇದೆ. ಕೆಳಮಹಡಿಯ ನಿವೃತ್ತ ಶಿಕ್ಷಕಿಯೊಬ್ಬರು ಆಗಾಗ ನನ್ನ ಜೊತೆಗೆ ಬರುತ್ತಾರೆ. ಮೊಣಕಾಲು ನೋವಿನಿಂದಾಗಿ ಅವರಿಗೆ ಇಕ್ಕಟ್ಟಾದ ಕಯಾಕಿನೊಳಗೆ ಕಾಲು ತೂರಿಸಿ ಕೂರುವುದು ಆಗದ ಮಾತು. ಈ ಅಗಲವಾದ, ತೆರೆದ ದೋಣಿಯಲ್ಲಾದರೆ ಮೊದಲು ಅಂಚಿನ ಕೊಳವೆಯ ಮೇಲೆ ಕುಳಿತು, ಆಮೇಲೆ ನಿಧಾನವಾಗಿ ಒಳಗೆ ಸರಿಯುತ್ತಾರೆ.

ಇಲ್ಲಿನ ಕಾನೂನೂ ನಮ್ಮಂಥವರ ಪರವಾಗಿದೆ. 2003ರ ಸ್ಕಾಟ್ಲೆಂಡ್ ಭೂಸುಧಾರಣಾ ಕಾಯಿದೆಯು, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೇ ಆಗಲಿ, ಎಂಜಿನ್ ಇಲ್ಲದ ದೋಣಿಯಲ್ಲಿ ಒಳನಾಡಿನ ನೀರಿನ ಮೇಲೆ ಸಾಗುವ ಹಕ್ಕನ್ನು ಕೊಟ್ಟಿದೆ. ಹಕ್ಕಿದ್ದೂ ದೋಣಿಯಿಲ್ಲದಿದ್ದರೆ ಏನು ಬಂತು?

ತಮ್ಮನು ಕೊಳ್ಳುವ ಮುನ್ನ ತಳವನ್ನು ನೋಡಬೇಕು. ಒಳ್ಳೆಯ ದೋಣಿಗಳ ತಳ ಡ್ರಾಪ್ ಸ್ಟಿಚ್ ಎಂಬ ಬಗೆಯದು: ಮೇಲಿನ ಮತ್ತು ಕೆಳಗಿನ ಬಟ್ಟೆಯನ್ನು ಒಂದೇ ಉದ್ದದ ಸಾವಿರಾರು ನೂಲುಗಳಿಂದ ಬೆಸೆದಿರುತ್ತಾರೆ. ಹತ್ತಿಯ ಹಾಸಿಗೆಗೆ ಟಾಕಿ ಹಾಕುತ್ತಾರಲ್ಲ, ಹಾಗೆಯೇ ಈ ನೂಲುಗಳು ಎರಡೂ ಬಟ್ಟೆಗಳನ್ನು ಹಿಡಿದಿಡುವುದರಿಂದ ಎಷ್ಟು ಗಾಳಿ ತುಂಬಿದರೂ ತಳ ಉಬ್ಬದೆ ಸಮತಟ್ಟಾಗಿಯೇ ಬಿಗಿಯುತ್ತದೆ. ನನ್ನ ದೋಣಿಯ ಅಕ್ಕಪಕ್ಕದ ಕೊಳವೆಗಳಿಗೆ 3 ಪಿಎಸ್ಐ, ತಳಕ್ಕೆ 10 ಪಿಎಸ್ಐ ಒತ್ತಡ ಬೇಕು (ಪಿಎಸ್ಐ ಎಂದರೆ ಗಾಳಿಯ ಒತ್ತಡದ ಅಳತೆ). ಮೊದಮೊದಲು ಸಲೀಸಾಗಿ ಇಳಿಯುವ ಕೈಪಂಪು ಕೊನೆಯಲ್ಲಿ ಮೈಭಾರವನ್ನೆಲ್ಲ ಹಾಕಿ ಒತ್ತಬೇಕಾದಷ್ಟು ಬಿಗಿಯಾಗುತ್ತದೆ. ಒತ್ತಡ ತೋರಿಸುವ ಮಾಪಕದ ಮುಳ್ಳು ಗುರುತಿಗೆ ಬಂದಾಗ ತಳವನ್ನು ಬೆರಳಿನಿಂದ ಬಡಿದರೆ ಟಣ್ಣೆನ್ನುತ್ತದೆ. ತಣ್ಣನೆಯ ನೀರಿಗಿಳಿದ ಮೇಲೆ ಒಳಗಿನ ಗಾಳಿ ಕುಗ್ಗುವುದರಿಂದ ಮತ್ತೆರಡು ಸಲ ಪಂಪು ಹೊಡೆಯಬೇಕಾಗುತ್ತದೆ. ನಮ್ಮೂರಿನ ಬಿಸಿಲಿಗೆ ಇದರ ತದ್ವಿರುದ್ಧ ಎಚ್ಚರಿಕೆ ಬೇಕು: ದಡಕ್ಕೆಳೆದು ಬಿಸಿಲಲ್ಲಿ ಬಿಟ್ಟರೆ ಗಾಳಿ ಹಿಗ್ಗಿ ಹೊಲಿಗೆಯೇ ಬಿಟ್ಟುಕೊಳ್ಳಬಹುದು, ಆದ್ದರಿಂದ ಸ್ವಲ್ಪ ಗಾಳಿ ಬಿಟ್ಟು ನೆರಳಲ್ಲಿಡಬೇಕು. ಗಾಳಿಯ ಕೋಣೆಗಳು ಒಂದಕ್ಕಿಂತ ಹೆಚ್ಚಿರಲೇಬೇಕು, ಒಂದು ತೂತಾದರೂ ಉಳಿದವು ದಡ ಮುಟ್ಟಿಸುವಂತಿರಬೇಕು.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲವೆಂದು ತಿಳಿದರೆ ನಿಮಗೆ ಸಂತೋಷವಾದೀತು. ರಬ್ಬರನ್ನು ಕರಗಿಸಿ ಬಟ್ಟೆಗೆ ಹಚ್ಚಿ ನೀರು ಇಳಿಯದಂತೆ ಮಾಡುವ ವಿಧಾನಕ್ಕೆ 1823ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಮ್ಯಾಕಿಂತೋಷ್ ಈ ಗ್ಲಾಸ್ಗೋದವರೇ. ಆ ಬಟ್ಟೆಯಿಂದ ಪೀಟರ್ ಹಾಲ್ಕೆಟ್ ಎಂಬ ನೌಕಾಪಡೆಯ ಅಧಿಕಾರಿ 1840ರ ದಶಕದಲ್ಲಿ ಮೈಮೇಲೆ ಹೊದ್ದು ನಡೆಯಬಹುದಾದ ದೋಣಿಯನ್ನು ಮಾಡಿದರು: ನಿಲುವಂಗಿಗೆ ಗಾಳಿ ತುಂಬಿದರೆ ದೋಣಿ, ಊರುಗೋಲು ಹುಟ್ಟಿನ ಹಿಡಿ, ಕೊಡೆಯೇ ಹಾಯಿ. ಆರ್ಕ್ನಿ ದ್ವೀಪದವರಾದ ಜಾನ್ ರೇ ಅಂಥ ದೋಣಿಯನ್ನು ಉತ್ತರ ಧ್ರುವ ಪ್ರದೇಶದ ಅನ್ವೇಷಣೆಗೆ ಒಯ್ದಿದ್ದರು. ಒಂದು ದೋಣಿ ಇಂದಿಗೂ ಆರ್ಕ್ನಿಯ ಸ್ಟ್ರೋಮ್‌ನೆಸ್ ವಸ್ತುಸಂಗ್ರಹಾಲಯದಲ್ಲಿದೆ. ಹೊತ್ತೊಯ್ಯುವ ದೋಣಿ ನಮಗೇನೂ ಹೊಸತಲ್ಲ. ಹಂಪೆಯಲ್ಲಿ, ತಲಕಾಡಿನಲ್ಲಿ ಅಂಬಿಗರು ಹರಿಗೋಲನ್ನು ಬೋರಲು ಹೊತ್ತು ನಡೆಯುವಂತೆಯೇ ವೇಲ್ಸಿನ ಟೈವಿ ನದಿಯ ಮೀನುಗಾರರೂ ತಮ್ಮ ಪುಟ್ಟ ತೆಪ್ಪಗಳನ್ನು ಬೆನ್ನಿಗೇರಿಸಿ ನಡೆಯುತ್ತಾರೆ.

ತಮ್ಮನು ನೀರಿಗಿಳಿಯುವ ಬಗ್ಗೆ ಅಮ್ಮನಿಗಿರುವ ಭಯಕ್ಕೆ ಕಾರಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಗುರವಾಗಿ, ನೀರಿನ ಮೇಲೆ ಎತ್ತರವಾಗಿ ಕೂರುವ ಈ ದೋಣಿಗೆ ನೀರಿನ ಸೆಳೆತಕ್ಕಿಂತ ಗಾಳಿಯೇ ದೊಡ್ಡ ಶತ್ರು. ದಡದಿಂದ ಒಳಕ್ಕೆ ಬೀಸುವ ಗಾಳಿ ಮೋಸದ್ದು. ದಡದ ಬಳಿ ನೀರು ಶಾಂತವಾಗಿ ಕಾಣುತ್ತದೆ, ನಡುನೀರಿಗೆ ಹೋದ ಮೇಲೆ ಹಿಂದಿರುಗಲು ತೋಳು ಸಾಲುವುದಿಲ್ಲ. ಇಲ್ಲಿ ಬೇಸಗೆಯಲ್ಲೂ ನೀರು ಕೊರೆಯುತ್ತದೆ, ಹಠಾತ್ತನೆ ಬಿದ್ದವರಿಗೆ ಮೊದಲ ಕ್ಷಣಗಳಲ್ಲಿ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಈಜು ಬಲ್ಲವರೂ ಲೈಫ್ ಜಾಕೆಟ್ ಕಟ್ಟಿಕೊಳ್ಳದೆ ಇಳಿಯಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಈಜುಕೊಳಕ್ಕೆಂದು ಮಾರುವ ತೆಳು ಪ್ಲಾಸ್ಟಿಕ್ಕಿನ ಆಟದ ದೋಣಿಯನ್ನು ತಮ್ಮನು ಬೆಲೆ ನೋಡಿ ಕೊಳ್ಳುವುದಾದರೆ ಮಾತ್ರ ದಯವಿಟ್ಟು ತಡೆಯಿರಿ.

ಶರಾವತಿಯಲ್ಲಿ ನನಗಿರುವ ಮುಖ್ಯ ಚಿಂತೆ ಮರದ ಬೊಡ್ಡೆಗಳದು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಮುಳುಗಿದ ಕಾಡಿನ ಬೊಡ್ಡೆಗಳು ಬೇಸಗೆಯಲ್ಲಿ ಎದ್ದು ಕಾಣುತ್ತವೆ. ನೀರು ತುಸು ಏರಿದಾಗ ಅವು ಒಂದು ಗೇಣು ಕೆಳಗೆ ಅಡಗಿರುತ್ತವೆ, ಅಪಾಯ ಆಗಲೇ ಹೆಚ್ಚು. ಎಲ್ಲಿ ತೋಟವಿತ್ತು, ಎಲ್ಲಿ ಕಾನಿತ್ತು ಎಂಬುದು ನಿಮ್ಮ ತಲೆಮಾರಿನವರಿಗೆ ಗೊತ್ತು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಅರಣ್ಯ ಇಲಾಖೆಯವರನ್ನೂ ವಿದ್ಯುತ್ ನಿಗಮದವರನ್ನೂ ಕೇಳಿಕೊಂಡೇ ಇಳಿಯಲಿ, ಮಳೆಗಾಲದಲ್ಲಿ ಇಳಿಯುವುದು ಬೇಡವೇ ಬೇಡ. ಹಿನ್ನೀರಿನ ದಡದ ಹೊನ್ನೆಮರಡುವಿನಲ್ಲಿ ಕಯಾಕ್ ನಡೆಸುವುದನ್ನು ಕಲಿಸುತ್ತಾರೆ. ಮೊದಲು ಅಲ್ಲಿ ಕಲಿತು, ದೋಣಿ ಮಗುಚಿದರೆ ಮತ್ತೆ ಹತ್ತುವುದನ್ನು ಅಭ್ಯಾಸ ಮಾಡಿಕೊಳ್ಳಲಿ.

ಬಳಸಿದ ಮೇಲೆ ಮಡಿಕೆಗಳ ನಡುವಿನ ನೀರನ್ನು ಹಳೆಯ ಟವೆಲಿನಿಂದ ಒರೆಸಿ, ಪೂರ್ತಿ ಒಣಗಿಸಿಯೇ ಮಡಿಸಬೇಕು. ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯಲು ಒಂದು ವಾರವೂ ಬೇಡ. ಅಲ್ಲದೆ ಒಂದು ಕೆರೆಯ ಅಂತರಗಂಗೆ ಕಳೆಯ ಚೂರು ದೋಣಿಗಂಟಿ ಇನ್ನೊಂದು ಕೆರೆಗೆ ಸೇರುವುದೂ ಹೀಗೆಯೇ. ತಮ್ಮನು ತಾನು ನೋಡಿರುವ ದೋಣಿಯ ಹೆಸರು, ಅದರ ಮೇಲೆ ಮುದ್ರಿಸಿರುವ ಒತ್ತಡ ಮತ್ತು ಅದು ಹೊರಬಲ್ಲ ಭಾರ ಇಷ್ಟನ್ನು ಬರೆದು ಕಳುಹಿಸಿದರೆ ಕೊಳ್ಳಬಹುದೋ ಬೇಡವೋ ತಿಳಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು