ಮೈಕ್ ಕೊಳ್ಳುವ ಮೊದಲು ಈ ಆಲ್ಬಮ್‌ಗಳನ್ನು ಕೇಳು: ಹಾವೇರಿಯ ಗೆಳೆಯನಿಗೊಂದು ಪತ್ರ

ಮಾಳಮಡ್ಡಿ, ಧಾರವಾಡ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಹಾಡುಗಳನ್ನು ಹೆಡ್‌ಫೋನಿನಲ್ಲೂ ಕೇಳಿದೆ, ಅಡುಗೆಮನೆಯ ಸಣ್ಣ ಸ್ಪೀಕರಿನಲ್ಲೂ ಕೇಳಿದೆ. ಹಾಡುಗಳು ನಿಜಕ್ಕೂ ಚೆನ್ನಾಗಿವೆ. ಎರಡನೆಯದರ ಪಲ್ಲವಿ ನಮ್ಮ ಮನೆಯವರ ಬಾಯಲ್ಲೂ ಕೂತುಬಿಟ್ಟಿದೆ. ಆದರೆ ಡ್ರಮ್ಸ್ ಪಕ್ಕದ ಮನೆಯಲ್ಲಿ ಬಾರಿಸಿದಂತೆ ಕೇಳುತ್ತದೆ. ಎರಡು ಗಿಟಾರುಗಳು ಒಂದರ ಮೇಲೊಂದು ಬಿದ್ದು ಸಾಹಿತ್ಯವೇ ಮುಚ್ಚಿಹೋಗಿದೆ. ಇದು ನಿನಗೂ ಗೊತ್ತಾಗಿದೆ, ಅದಕ್ಕೇ ಕಂತಿನ ಮೇಲೆ ದುಬಾರಿ ಕಂಡೆನ್ಸರ್ ಮೈಕ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀಯ.

ಬೇಡ. ಸದ್ಯಕ್ಕಂತೂ ಬೇಡ. ನಿನ್ನ ಕೋಣೆ ಇರುವುದು ಹೆದ್ದಾರಿಯ ಪಕ್ಕ, ಮೇಲೆ ಆರ್‌ಸಿಸಿ ಛಾವಣಿ, ನಾಲ್ಕೂ ಕಡೆ ಬರಿಯ ಗೋಡೆ. ಅಲ್ಲಿ ಸೂಕ್ಷ್ಮವಾದ ಮೈಕ್ ಇಟ್ಟರೆ ನಿನ್ನ ಧ್ವನಿಯ ಜೊತೆಗೆ ಲಾರಿಗಳ ಗದ್ದಲವನ್ನೂ ಗೋಡೆಯ ಮರುದನಿಯನ್ನೂ ಅಷ್ಟೇ ಅಚ್ಚುಕಟ್ಟಾಗಿ ಹಿಡಿದುಕೊಡುತ್ತದೆ. ಮೈಕ್ ವಾದ್ಯದಿಂದ ಎಷ್ಟು ದೂರದಲ್ಲಿದೆ, ಎಂಥ ಕೋಣೆಯಲ್ಲಿದೆ, ಅದೇ ಹೊತ್ತಿಗೆ ಬೇರೆ ಏನೇನು ನುಡಿಯುತ್ತಿದೆ ಎಂಬುದರಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ನನಗೆ ಇದನ್ನು ಕಲಿಸಿದ್ದು ಕೆಲವು ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದೆ ಬೆಳೆದ ರಾಕ್) ಆಲ್ಬಮ್‌ಗಳು. ನೀನೂ ಅವುಗಳಿಂದಲೇ ಕಲಿಯಬೇಕು ಎಂಬ ಆಸೆಯಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪಿಕ್ಸೀಸ್ ತಂಡದ ‘ಸರ್ಫರ್ ರೋಸಾ’ ಕೇಳು. 1988ರದ್ದು. ಧ್ವನಿಮುದ್ರಣ ಸ್ಟೀವ್ ಆಲ್ಬಿನಿ ಅವರದು. ಆ ಮನುಷ್ಯನಿಗೆ ಯಂತ್ರದಿಂದ ಹುಟ್ಟಿಸಿದ ಪ್ರತಿಧ್ವನಿ ಹಿಡಿಸುತ್ತಿರಲಿಲ್ಲ. ಅದಕ್ಕೇ ತಂಡದ ಬೇಸ್ ವಾದಕಿ ಕಿಮ್ ಡೀಲ್ ಅವರ ಹಾಡಿಕೆಯ ಕೆಲವು ಭಾಗಗಳನ್ನು ಸ್ಟುಡಿಯೋದ ಬಚ್ಚಲುಮನೆಯಲ್ಲಿ ಮುದ್ರಿಸಿದರು. ಡ್ರಮ್ಸ್ ವಿಷಯದಲ್ಲೂ ಹಾಗೆಯೇ: ಹತ್ತಿರದ ಮೈಕುಗಳ ಜೊತೆಗೆ ದೂರದಲ್ಲೂ ಮೈಕ್ ಇಟ್ಟು ಕೋಣೆಯನ್ನೇ ಮುದ್ರಿಸುವುದು ಅವರ ಪದ್ಧತಿ. ಸ್ನೇರ್ (ಅಡಿಯಲ್ಲಿ ತಂತಿ ಬಿಗಿದ ಡ್ರಮ್) ಮೇಲೆ ಏಟು ಬಿದ್ದ ಕೂಡಲೇ ಅದರ ಹಿಂದೆ ಒಂದು ದೊಡ್ಡ ಕೋಣೆ ತೆರೆದುಕೊಳ್ಳುತ್ತದೆ, ಗಮನಿಸು. ನಿನ್ನ ಡ್ರಮ್ಸ್‌ನಲ್ಲೂ ಕೋಣೆ ಇದೆ. ಆದರೆ ಏಟು ಇಲ್ಲ, ಕೋಣೆ ಮಾತ್ರ ಇದೆ. ಹತ್ತಿರದ ಮೈಕನ್ನು ಆಧಾರವಾಗಿಟ್ಟುಕೊಂಡು ದೂರದ್ದನ್ನು ಬೇಕಾದಷ್ಟೇ ಬೆರೆಸಬೇಕು.

ಬಚ್ಚಲಿನ ಪ್ರಯೋಗವನ್ನು ನಮ್ಮ ಮನೆಯಲ್ಲೂ ಮಾಡಿದೆ. ನಮ್ಮದು ಹಳೆಯ ಕಲ್ಲಿನ ಬಚ್ಚಲು, ಕೆಳಗೆ ಶಹಾಬಾದ್ ಫರಸಿ, ಮೂಲೆಯಲ್ಲಿ ತಾಮ್ರದ ಹಂಡೆ. ಮೈಕನ್ನು ಬಾಗಿಲಲ್ಲಿಟ್ಟು ಒಳಗೆ ನಿಂತು ಹಾಡಿದರೆ ಯಾವ ಸಾಫ್ಟ್‌ವೇರೂ ಕೊಡದ ಹೊಳಪು ಧ್ವನಿಗೆ ಬರುತ್ತದೆ. ಒಂದೇ ಒಂದು ಮಂದ್ರ ಸ್ವರಕ್ಕೆ ಬಂದಾಗ ಮಾತ್ರ ಎಲ್ಲಿಂದಲೋ ಗುಂಯ್ ಎಂಬ ನಾದ. ಹುಡುಕಿದರೆ ಅದು ಖಾಲಿ ಹಂಡೆ! ನನ್ನ ಸ್ವರಕ್ಕೆ ಅದು ಮಿಡಿಯುತ್ತಿತ್ತು. ಕಂಠದವರೆಗೆ ನೀರು ತುಂಬಿಸಿದ ಮೇಲೆ ಸುಮ್ಮನಾಯಿತು. ನಿನ್ನ ಕೋಣೆಯಲ್ಲೂ ಸ್ನೇರ್‌ನ ತಂತಿ, ಕಿಟಕಿಯ ಗಾಜು, ಕಬ್ಬಿಣದ ಕಪಾಟು ಹೀಗೆ ಮಿಡಿಯುತ್ತಿರಬಹುದು. ಬೇಸ್ ಗಿಟಾರಿನ ಒಂದೊಂದೇ ಸ್ವರ ಬಾರಿಸುತ್ತಾ ಕೋಣೆಯಲ್ಲಿ ಸುತ್ತಾಡು, ಗೊತ್ತಾಗುತ್ತದೆ.

ಆಲ್ಬಿನಿ 2024ರಲ್ಲಿ ತೀರಿಕೊಂಡರು. ತಮ್ಮನ್ನು ನಿರ್ಮಾಪಕ ಎಂದು ಕರೆಯುವುದನ್ನು ಅವರು ಒಪ್ಪುತ್ತಿರಲಿಲ್ಲ. ಮಾರಾಟದಲ್ಲಿ ರಾಯಧನದ ಪಾಲನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕೊಳಾಯಿ ಕೆಲಸದವರಿಗೆ ಕೊಡುವಂತೆ ತಮಗೂ ಮಾಡಿದ ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು ಎಂದು ಪ್ರಸಿದ್ಧ ರಾಕ್ ತಂಡ ನಿರ್ವಾಣಕ್ಕೇ ಬರೆದಿದ್ದರು. ಹಾಡು ತಂಡದ್ದು, ನಾನು ಅದನ್ನು ಇದ್ದ ಹಾಗೆ ಹಿಡಿದುಕೊಡುವವನು ಎಂಬ ಆ ನಿಲುವು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ದೂರದ ಲೆಕ್ಕ ಹೀಗಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಒಂದು ಮೀಟರಿಗೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್. ಒಂದೇ ಡ್ರಮ್ ಏಟು ಎರಡು ಮೈಕುಗಳನ್ನು ಬೇರೆಬೇರೆ ಹೊತ್ತಿಗೆ ಮುಟ್ಟುವುದರಿಂದ ಕೆಲವು ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ನಿನ್ನ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ತೆಳ್ಳಗಾಗಿರುವುದಕ್ಕೆ ಇದೇ ಕಾರಣವಿರಬಹುದು. ಡ್ರಮ್ಸ್‌ನ ಮೇಲ್ಗಡೆ ಇಟ್ಟ ಮೈಕಿನ ಟ್ರ್ಯಾಕಿನಲ್ಲಿ ಪೊಲಾರಿಟಿ ತಿರುಗಿಸುವ, ಅಂದರೆ ಅಲೆಯನ್ನು ತಲೆಕೆಳಗು ಮಾಡುವ ಗುಂಡಿ ಒತ್ತಿ ನೋಡು. ಯಾವುದರಲ್ಲಿ ಮಂದ್ರ ತುಂಬಿಬರುತ್ತದೋ ಅದನ್ನೇ ಇಟ್ಟುಕೋ. ಕಾಸು ಖರ್ಚಿಲ್ಲದ ಕೆಲಸ.

ಇನ್ನು ಬಾನ್ ಇವೇರ್ ಅವರ ‘ಫಾರ್ ಎಮ್ಮಾ, ಫಾರೆವರ್ ಅಗೋ’. ಆ ಹೆಸರಿನಲ್ಲಿ ಹಾಡುವ ಜಸ್ಟಿನ್ ವರ್ನನ್ 2006–07ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಕಾಡಿನಲ್ಲಿದ್ದ ಅಪ್ಪನ ಮರದ ಮನೆಯಲ್ಲಿ ಒಬ್ಬರೇ ಕೂತು ಇದರ ಬಹುಭಾಗವನ್ನು ಮುದ್ರಿಸಿದರು. ಅವರ ಕೈಯಲ್ಲಿದ್ದದ್ದು ಶೂರ್ ಎಸ್‌ಎಂ57, ನಿನ್ನ ಹತ್ತಿರ ಇರುವ ಅದೇ ಮೈಕ್! ಅಷ್ಟು ದಟ್ಟವಾದ ಧ್ವನಿ ಬಂದದ್ದು ತಮ್ಮದೇ ಕಂಠವನ್ನು ಮತ್ತೆ ಮತ್ತೆ ಹಾಡಿ, ಪದರದ ಮೇಲೆ ಪದರ ಹಾಕಿದ್ದರಿಂದ. ಇಲ್ಲಿ ಒಂದು ಸೂಕ್ಷ್ಮವಿದೆ. ಒಮ್ಮೆ ಹಾಡಿದ್ದನ್ನೇ ನಕಲು ಮಾಡಿ ಪಕ್ಕದಲ್ಲಿಟ್ಟರೆ ಸದ್ದು ಜಾಸ್ತಿಯಾಗುತ್ತದೆ ಅಷ್ಟೇ, ಅಗಲವಾಗುವುದಿಲ್ಲ. ಪ್ರತಿ ಸಲ ಹೊಸದಾಗಿ ಹಾಡಿದಾಗ ಉಸಿರು, ಸ್ವರ, ಕಾಲ ಎಲ್ಲವೂ ಕೂದಲೆಳೆಯಷ್ಟು ಬೇರೆಯಾಗುತ್ತವೆ. ಆ ವ್ಯತ್ಯಾಸವೇ ಧ್ವನಿಗೆ ಮೈ ಕೊಡುತ್ತದೆ. ನಿನ್ನ ಎರಡನೆಯ ಹಾಡಿನ ಪಲ್ಲವಿಗೆ ಇದನ್ನೇ ಮಾಡು. ಒಂದು ನಡುವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಅಕ್ಕಪಕ್ಕದವುಗಳಲ್ಲಿ ‘ಸ’, ‘ಶ’ಗಳನ್ನು ಮೆತ್ತಗೆ ಉಚ್ಚರಿಸು, ಇಲ್ಲದಿದ್ದರೆ ಮೂರೂ ಸೇರಿ ಬುಸುಗುಡುತ್ತವೆ.

ನಿನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಮಾತ್ರ ಸ್ಪೂನ್ ತಂಡದ 2002ರ ‘ಕಿಲ್ ದ ಮೂನ್‌ಲೈಟ್’. ಮೊದಲ ಹಾಡಿನಲ್ಲಿ ಬಹಳ ಹೊತ್ತು ಒಂದು ಕೀಬೋರ್ಡಿನ ಮಿಡಿತ, ಟ್ಯಾಂಬೊರಿನ್, ಕಂಠ. ಅಷ್ಟೇ. ಇನ್ನೊಂದು ಹಾಡಿನಲ್ಲಿ ಬಾಯಿಂದ ಮಾಡಿದ ತಾಳವೇ ಡ್ರಮ್ಸ್‌ನ ಕೆಲಸ ಮಾಡುತ್ತದೆ. ಆದರೂ ರಾಕ್ ಹಾಡಿನ ಕಸುವಿಗೆ ಎಲ್ಲೂ ಕೊರತೆಯಿಲ್ಲ. ಪ್ರತಿ ವಾದ್ಯದ ಸುತ್ತ ಜಾಗವಿರುವುದರಿಂದ ಸಣ್ಣ ಚಪ್ಪಾಳೆಯೂ ಒಂದು ಘಟನೆಯಂತೆ ಕೇಳುತ್ತದೆ. ನಿನ್ನ ಹಾಡಿನಲ್ಲಿ ಎರಡೂ ಗಿಟಾರುಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಸ್ಥಾಯಿಯಲ್ಲಿ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದು ಬಾರಿಸುತ್ತಿವೆ. ಮಂದ್ರ-ತಾರಗಳನ್ನು ಹೆಚ್ಚುಕಡಿಮೆ ಮಾಡುವ ಈಕ್ವಲೈಜರ್ ಎಷ್ಟು ತಿರುವಿದರೂ ಅದು ಸರಿಹೋಗುವುದಿಲ್ಲ. ಚರಣದಲ್ಲಿ ಒಂದು ಗಿಟಾರನ್ನು ಪೂರ್ತಿ ತೆಗೆದುಬಿಡು, ಪಲ್ಲವಿಯಲ್ಲಿ ಅದನ್ನು ಮೇಲಿನ ಸ್ಥಾಯಿಯಲ್ಲಿ ತಾ. ತಮ್ಮ ಭಾಗ ಕಡಿಮೆಯಾಯಿತೆಂದು ನಿನ್ನ ತಂಡದ ಗಿಟಾರ್ ವಾದಕರು ಬೇಸರಪಟ್ಟುಕೊಳ್ಳಬಹುದು. ಜೊತೆಗೆ ಕೂರಿಸಿ ಈ ಆಲ್ಬಮ್ ಕೇಳಿಸು.

ಕೇಳುವುದಕ್ಕೂ ಒಂದು ಕ್ರಮ ಬೇಕು. ಈ ಆಲ್ಬಮ್‌ಗಳ ಒಳ್ಳೆಯ ಗುಣಮಟ್ಟದ ಪ್ರತಿಯನ್ನು ನಿನ್ನ ಮಿಕ್ಸ್ (ಎಲ್ಲ ಟ್ರ್ಯಾಕುಗಳನ್ನು ಬೆರೆಸಿದ ಹಾಡು) ಇರುವ ರೀಪರ್ ಎಂಬ ಧ್ವನಿಮುದ್ರಣ ಸಾಫ್ಟ್‌ವೇರಿನ ಪ್ರಾಜೆಕ್ಟಿನಲ್ಲೇ ಬೇರೆ ಟ್ರ್ಯಾಕಿನಲ್ಲಿ ಹಾಕಿಕೋ. ಅವು ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಆಗಿ ಬಂದವು, ಸದ್ದು ಹೆಚ್ಚಿರುತ್ತದೆ. ಹೆಚ್ಚು ಸದ್ದಿನದ್ದೆಲ್ಲ ಕಿವಿಗೆ ಚೆಂದವೇ ಅನ್ನಿಸುವುದರಿಂದ ಮೊದಲು ಅವುಗಳ ಮಟ್ಟವನ್ನು ನಿನ್ನ ಹಾಡಿನಷ್ಟಕ್ಕೆ ಇಳಿಸು. ಆಮೇಲೆ ಎರಡರ ನಡುವೆ ಹೋಗಿಬಂದು ಕಂಠ ಎಷ್ಟು ಮುಂದಿದೆ, ಬೇಸ್ ಎಷ್ಟು ಇದೆ ಎಂದು ಹೋಲಿಸು. ನನಗೆ ಅತಿ ಹೆಚ್ಚು ಕಲಿಸಿದ ಉಪಾಯ ಇನ್ನೊಂದಿದೆ: ಹಾಡಿನ ಬಲ ಚಾನೆಲ್ಲಿನ ಪೊಲಾರಿಟಿ ಮಾತ್ರ ತಿರುಗಿಸಿ, ಎರಡನ್ನೂ ಸೇರಿಸಿ ಮೋನೊದಲ್ಲಿ ಕೇಳು. ನಡುವಿನಲ್ಲಿರುವುದೆಲ್ಲ, ಅಂದರೆ ಸಾಮಾನ್ಯವಾಗಿ ಮುಖ್ಯ ಕಂಠ, ಕಿಕ್, ಬೇಸ್, ಮಾಯವಾಗಿ ಅಂಚಿನಲ್ಲಿ ಅಡಗಿದ್ದವು ಹೊರಬರುತ್ತವೆ: ಪ್ರತಿಧ್ವನಿಯ ಬಾಲ, ಎಡಬಲದ ಗಿಟಾರುಗಳು, ಗುನುಗಿದಂತಿರುವ ಹಿಮ್ಮೇಳ. ಅಷ್ಟೊಂದು ಸಂಗತಿಗಳು ಅಲ್ಲಿದ್ದವೆಂದು ಮೊದಲ ಸಲ ಕೇಳಿದಾಗ ನಂಬಲಾಗಲಿಲ್ಲ.

ಕೊನೆಯ ಮಿಕ್ಸಿನಲ್ಲಿ ನೀನು ಲಿಮಿಟರ್ (ಸದ್ದು ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ ಎಲ್ಲವನ್ನೂ ಮಟ್ಟಸಗೊಳಿಸಿದ್ದೀಯ. ಅದನ್ನು ತೆಗೆ. ಸ್ಪಾಟಿಫೈನಂಥ ಸೇವೆಗಳು ಹೆಚ್ಚು ಸದ್ದಿನ ಹಾಡನ್ನು ತಾವೇ ತಗ್ಗಿಸುತ್ತವೆ, ಸ್ಪಾಟಿಫೈಯ ಸಾಮಾನ್ಯ ಮಟ್ಟ -14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸದ್ದಿನ ಅಳತೆ). ಹಿಂಡಿದ್ದರಿಂದ ಲಾಭವಿಲ್ಲ, ಏರಿಳಿತ ಮಾತ್ರ ಹೋಗುತ್ತದೆ. ಏರಿಳಿತ ಎಂದರೇನೆಂದು ತಿಳಿಯಲು 1993ರ ಪಿ.ಜೆ. ಹಾರ್ವಿ ಅವರ ‘ರಿಡ್ ಆಫ್ ಮಿ’ ಕೇಳು, ಅದೂ ಆಲ್ಬಿನಿ ಕೆಲಸವೇ.

ನಮ್ಮ ಊರಿನವರಿಗೆ ಇದೆಲ್ಲ ಹೊರಗಿನ ವಿದ್ಯೆ ಎಂದು ತಿಳಿಯಬೇಡ. ಒಂದೆರಡೇ ಮೈಕುಗಳಿದ್ದ ಕಾಲದ ರೇಡಿಯೋ ಧ್ವನಿಮುದ್ರಣಗಳಲ್ಲಿ ಗಾಯಕರು, ತಂಬೂರಿ, ತಬಲಾ, ಹಾರ್ಮೋನಿಯಂಗಳನ್ನು ಎಲ್ಲೆಲ್ಲಿ ಕೂರಿಸುತ್ತಾರೆ ಎಂಬುದೇ ಮಿಕ್ಸಿಂಗ್ ಆಗಿತ್ತು. ಮಲ್ಲಿಕಾರ್ಜುನ ಮನ್ಸೂರರ ಹಳೆಯದೊಂದು ಮುದ್ರಣ ಹಾಕಿ ತಂಬೂರಿ ಎಷ್ಟು ಹಿಂದೆ ಇದೆ ಎಂದು ಕೇಳು. ಬೈಠಕ್‌ಗಳಲ್ಲಿ ಕೂತು ಬೆಳೆದ ಕಿವಿ ನಿನ್ನದು. ಆ ಕಿವಿಯನ್ನೇ ರಾಕ್ ಹಾಡಿಗೂ ಬಳಸು ಎನ್ನುತ್ತಿದ್ದೇನೆ, ಅಷ್ಟೇ.

ಕೋಣೆಗೆ ಇಷ್ಟು ಮಾಡು. ನೆಲಕ್ಕೆ ನವಲಗುಂದದ ಜಮಖಾನ ಹಾಸು. ಹಾಡುವವರ ಹಿಂದೆ ಎರಡು ದಪ್ಪ ಕೌದಿಗಳನ್ನು ಹಗ್ಗಕ್ಕೆ ನೇತುಹಾಕು. ಗೋಡೆಗೆ ಒತ್ತಿ ಅಲ್ಲ, ಗೇಣುದ್ದ ಬಿಟ್ಟು. ಆ ಸಂದಿನಿಂದ ಕೌದಿ ಇನ್ನಷ್ಟು ಕೆಳಗಿನ ಸ್ವರಗಳನ್ನೂ ಹೀರುತ್ತದೆ. ಬೇಸ್‌ನ ಗುಡುಗು ಇದರಿಂದ ನಿಲ್ಲುವುದಿಲ್ಲ, ಹೊರಗಿನ ಲಾರಿಯೂ ನಿಲ್ಲುವುದಿಲ್ಲ. ಲಾರಿಗಾಗಿ ರಾತ್ರಿ ಕಾಯಬೇಕು, ಕಂಠದ ಟ್ರ್ಯಾಕಿಗೆ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಹಾಕಬೇಕು. ಗಿಟಾರ್ ಆಂಪ್ಲಿಫೈಯರಿನ ಮುಂದೆ ಮೈಕ್ ಇಡುವಾಗ ನೀನು ಹೆಡ್‌ಫೋನ್ ಹಾಕಿಕೊಂಡು ದೂರ ಕೂತು, ತಮ್ಮನಿಗೆ ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಸರಿಸಲು ಹೇಳು. ನಡುವೆ ಚುರುಕು, ಅಂಚಿಗೆ ಹೋದಂತೆ ಮೆತ್ತಗೆ. ಎರಡು ಬೆರಳಿನಷ್ಟು ಸರಿದರೂ ಬೇರೆಯದೇ ಗಿಟಾರ್ ಅನ್ನಿಸುತ್ತದೆ. ನಿನಗೆ ಬೇಕಾದದ್ದು ಸಿಕ್ಕ ಕೂಡಲೇ ಅಲ್ಲೇ ನಿಲ್ಲಿಸಿ, ನೆಲದ ಮೇಲೆ ಸ್ಟ್ಯಾಂಡಿನ ಜಾಗಕ್ಕೆ ಟೇಪ್ ಅಂಟಿಸು.

ಎರಡನೆಯ ಹಾಡನ್ನು ಹೀಗೆ ಹೊಸದಾಗಿ ಮುದ್ರಿಸಿ, ಪ್ರತಿ ಟ್ರ್ಯಾಕನ್ನೂ ಬೇರೆಬೇರೆಯಾಗಿ, 24 ಬಿಟ್‌ನಲ್ಲಿ, ಯಾವ ಇಫೆಕ್ಟೂ ಹಾಕದೆ ಕಳಿಸಿಕೊಡು. ನಾನೂ ಒಂದು ಮಿಕ್ಸ್ ಮಾಡುತ್ತೇನೆ, ನೀನೂ ಮಾಡು. ಗಣೇಶ ಚೌತಿಗೆ ಧಾರವಾಡಕ್ಕೆ ಬಂದಾಗ ಎರಡನ್ನೂ ಒಟ್ಟಿಗೆ ಕೂತು ಕೇಳೋಣ. ಬರುವಾಗ ಆ ಎಸ್‌ಎಂ57 ತಾ, ಬಚ್ಚಲಿನಲ್ಲಿ ನಿನ್ನ ಧ್ವನಿ ಹೇಗಿರುತ್ತದೆಂದು ಕೇಳಬೇಕಾಗಿದೆ.

ಇಂತಿ ನಿನ್ನ ಪ್ರೀತಿಯ,
ಧಾರವಾಡದ ಗೆಳೆಯ