ಬೆಳ್ಳಿಚುಕ್ಕಿಯಲ್ಲಿ ಲಕ್ಷ್ಮಿ ಪ್ರಸ್ಥಭೂಮಿ

ಮಾನ್ಯರೇ,

'ತಾತಾ, ಬೆಳ್ಳಿಚುಕ್ಕಿಯಲ್ಲೂ ಬೆಟ್ಟ ಇದೆಯಾ?' ಆರನೇ ಕ್ಲಾಸಿನ ಮೊಮ್ಮಗಳು ಮೊನ್ನೆ ಕೇಳಿದಳು. ಮೂವತ್ತು ವರ್ಷ ಭೂಗೋಳ ಕಲಿಸಿದ ನನಗೆ ಖುಷಿಯಾಯಿತು.

ಇದೆ. ಬೆಳ್ಳಿಚುಕ್ಕಿ ಅಂದರೆ ಶುಕ್ರ ಗ್ರಹ; ಅದರ ಉತ್ತರ ಭಾಗದಲ್ಲಿ ನಮ್ಮ ಲಕ್ಷ್ಮಿಯ ಹೆಸರಿನದೇ ಒಂದು ಪ್ರಸ್ಥಭೂಮಿ ಇದೆ. ಸುಮಾರು 4 ಕಿ.ಮೀ. ಎತ್ತರ, ಸುತ್ತಲೂ ಬೆಟ್ಟಸಾಲು. ಪೂರ್ವದ ಮ್ಯಾಕ್ಸ್‌ವೆಲ್ ಸಾಲು ಸುಮಾರು 11 ಕಿ.ಮೀ. ಅಲ್ಲಿ ಸಮುದ್ರವಿಲ್ಲ, ಹಾಗಾಗಿ ಗ್ರಹದ ಸರಾಸರಿ ಮಟ್ಟದಿಂದ ಅಳೆಯುತ್ತಾರೆ. ದಟ್ಟ ಮೋಡದ ಕೆಳಗಿನ ಈ ನೆಲವನ್ನು 1990ರಲ್ಲಿ ಶುಕ್ರನನ್ನು ತಲುಪಿದ ಮೆಗಲನ್ ನೌಕೆ ರೇಡಾರ್‌ನಿಂದ ಚೆನ್ನಾಗಿ ತೋರಿಸಿತು.

ನೆಲಕ್ಕೆ ಬೆಡ್‌ಶೀಟ್ ಹಾಸಿ, ಎರಡೂ ಕಡೆಯಿಂದ ತಳ್ಳು ಅಂದೆ. ತಳ್ಳಿದಳು. ನಡುವೆ ಸಾಲುಸಾಲು ಮಡಿಕೆ ಎದ್ದವು. ಮ್ಯಾಕ್ಸ್‌ವೆಲ್ ಕೂಡ ಹೀಗೇ, ಹೊರಪದರ ಒತ್ತಿಕೊಂಡು ಮಡಿಚಿ ಎದ್ದದ್ದು. 'ಅಲ್ಲಿ ತಳ್ಳಿದ್ದು ಯಾರು?' ಎಂದಳು. ಒಳ್ಳೇ ಪ್ರಶ್ನೆ ಅಲ್ವಾ? ಹಿಮಾಲಯವನ್ನು ಎತ್ತಿದ್ದು ಭೂಮಿಯ ಫಲಕಗಳ, ಅಂದರೆ ನಿಧಾನವಾಗಿ ಸರಿಯುವ ಹೊರಪದರದ ದೊಡ್ಡ ತುಂಡುಗಳ, ಡಿಕ್ಕಿ. ಶುಕ್ರನಲ್ಲಿ ಅಂಥ ಫಲಕಗಳ ಜಾಲ ಕಾಣುವುದಿಲ್ಲ. ಒಳಗಿನ ಬಿಸಿ ಕಲ್ಲು ಮೇಲೇಳುವಾಗ ಆಯಿತೋ, ಕೆಳಗಿಳಿಯುವಾಗ ಎಳೆಯಿತೋ, ವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿದ್ದಾರೆ.

ದಯವಿಟ್ಟು ಆ ರೇಡಾರ್ ಚಿತ್ರವನ್ನು ನಿಮ್ಮ ಮಕ್ಕಳ ಪುಟದಲ್ಲಿ ದೊಡ್ಡದಾಗಿ ಹಾಕಿ. ಅವಳು ಕತ್ತರಿಸಿ ಗೋಡೆಗೆ ಅಂಟಿಸಲು ಕಾಯುತ್ತಿದ್ದಾಳೆ.

– ನಿವೃತ್ತ ಶಿಕ್ಷಕ, ಸಾಗರ