ಮಂಗಟ್ಟೆಯ ಗೂಡಿನ ಬಳಿ ಮೊಬೈಲ್ ಕೂಗು ಬೇಡ

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಪಕ್ಷಿವೀಕ್ಷಣೆಗೆಂದು ಆಗುಂಬೆಯ ಮಳೆಕಾಡಿಗೆ ಹೋಗಿದ್ದಾಗ, ಜೊತೆಗಿದ್ದ ಮಾರ್ಗದರ್ಶಿಯು ದಾಸ ಮಂಗಟ್ಟೆಯ (ಹಾರ್ನ್‌ಬಿಲ್ ಹಕ್ಕಿಯ) ಗೂಡಿದ್ದ ಮರದಡಿ ನಿಂತು, ಫೋಟೊಗಾಗಿ ಹಕ್ಕಿಯನ್ನು ಸೆಳೆಯಲೆಂದು ಅದರದೇ ಕೂಗನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನುಡಿಸಿದ್ದು ಬಹಳ ಬೇಸರ ತಂದಿತು. ಹೆಣ್ಣು ಹಕ್ಕಿಯು ಪೊಟರೆಯೊಳಗೆ ಸೇರಿ, ಕೊಕ್ಕಿನ ತುದಿಯಷ್ಟೇ ಹೊರಚಾಚಬಲ್ಲ ಕಿರಿದಾದ ಸೀಳನ್ನು ಬಿಟ್ಟು ಬಾಗಿಲು ಮುಚ್ಚಿಕೊಂಡಿರುವ ಕಾಲವದು. ಆಗ ಆಹಾರ ತರುವ ಹೊಣೆಯೆಲ್ಲ ಗಂಡಿನದು. ಗಂಟಲಲ್ಲಿ ತುಂಬಿ ತಂದ ಅತ್ತಿಹಣ್ಣುಗಳನ್ನು ಒಂದೊಂದಾಗಿ ಹೊರತೆಗೆದು ಉಣಿಸಬೇಕಾದ ಗಂಡು, ಗೂಡಿನತ್ತ ಸುಳಿಯದೆ ದೂರದ ಕೊಂಬೆಯಲ್ಲೇ ಕುಳಿತಿತ್ತು. ಫೋಟೊ ಸಿಗದಿದ್ದರೆ ನಷ್ಟವೇನೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಾದ ಮೊದಲ ಅನುಸೂಚಿಯಲ್ಲಿರುವ ಈ ಹಕ್ಕಿಯ ಗೂಡುಗಳ ಬಳಿ ಧ್ವನಿಮುದ್ರಿತ ಕೂಗಿನ ಬಳಕೆಯನ್ನು ಅರಣ್ಯ ಇಲಾಖೆಯು ತಡೆದು, ಮಾರ್ಗದರ್ಶಿಗಳಿಗೆ ತಕ್ಕ ತರಬೇತಿ ನೀಡಬೇಕು.

– ಓರ್ವ ಓದುಗ, ಶಿವಮೊಗ್ಗ